ಚೊಗರು, ಎರೆ ಮಣ್ಣು, ಗೋಣಿಚೀಲ: ಅಮೂರ್ತ ಚಿತ್ರದಲ್ಲಿ ವಸ್ತುವೇ ಮಾತಾಡುವಂತೆ ಮಾಡುವುದು ಹೇಗೆ?

ಅಮೂರ್ತ ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಏನಿದೆ? ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿ ನೋಡಿ. ಇದು ಯಾವುದರಿಂದ ಆಗಿದೆ? ಅದಕ್ಕೆ ಏನೇನು ಮಾಡಿದ್ದಾರೆ? ಗುರುತು ಹಿಡಿಯುವಂಥ ಆಕಾರ ಇಲ್ಲದ ಕಡೆ ಅರ್ಥ ಹೊರುವ ಕೆಲಸ ಬಳಸಿದ ವಸ್ತುವಿನ ಮೇಲೆ, ಕೈ ಮಾಡಿದ ಕೆಲಸದ ಮೇಲೆ ಬೀಳುತ್ತದೆ. ಬಣ್ಣ ಎಷ್ಟು ಚೆಂದ ಅನ್ನೋದು ಆಮೇಲಿನ ಮಾತು.

ದಾವಣಗೆರೆ, ಚಿತ್ರದುರ್ಗದ ಕಡೆ ಇದ್ದುಕೊಂಡು ಅಮೂರ್ತ ಚಿತ್ರ ಮಾಡಬೇಕು ಅಂದುಕೊಂಡವರಿಗೆ ಈ ಲೇಖನ. ಕಲಾ ಶಾಲೆಯಲ್ಲಿ ಓದಿರಬೇಕು ಅಂತೇನಿಲ್ಲ. ಒಂದು ವಸ್ತು ಆರಿಸುವುದರಿಂದ ಹಿಡಿದು ಕೃತಿಯನ್ನು ಗೋಡೆಗೆ ತೂಗುಹಾಕುವವರೆಗೆ ಏನೇನು ಮಾಡಬೇಕು ಅಂತ ಬರೆದಿದ್ದೇನೆ. ಮಾಡುವ ಮನಸ್ಸಿಲ್ಲ, ನೋಡೋದಷ್ಟೇ ಇಷ್ಟ ಅನ್ನುವವರೂ ಓದಬಹುದು. ಮಾಡುವವರು ಕೇಳಿಕೊಳ್ಳುವ ಪ್ರಶ್ನೆಗಳೇ ನೋಡುವವರಿಗೂ ದಾರಿ ತೋರಿಸುತ್ತವೆ.

ಮೊದಲ ಹೆಜ್ಜೆ: ಒಂದೇ ಒಂದು ವಸ್ತು

ಅಂಗಡಿಗೆ ಹೋಗಿ ಡಜನ್ ಟ್ಯೂಬ್ ಅಕ್ರಿಲಿಕ್ ತರುವ ಮುಂಚೆ ಸುತ್ತಮುತ್ತ ಕಣ್ಣಾಡಿಸಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ವಸ್ತುವಿಗೆ ಬರವಿಲ್ಲ. ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರು. ಹೊಲದ ಎರೆ ಮಣ್ಣು, ಗುಡ್ಡದ ಪಕ್ಕದ ಕೆಮ್ಮಣ್ಣು. ಚಳ್ಳಕೆರೆ ಕಡೆಯ ಕಂಬಳಿ. ಮಂಡಕ್ಕಿ ಭಟ್ಟಿಯ ಗೋಡೆಗೆ ಕೂತ ಮಸಿ. ಎಪಿಎಂಸಿ ಯಾರ್ಡಿನಲ್ಲಿ ಬಿದ್ದ ಹಳೇ ಗೋಣಿಚೀಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲಿ ಸಿಗುವ, ಬಿಳುಪು ಮಾಡದ ಕೋರಾ ಬಟ್ಟೆ.

ಇದರಲ್ಲಿ ಒಂದನ್ನು ಹಿಡಿಯಿರಿ. ಎರಡು ಮೂರು ಸೇರಿಸಬೇಕು ಅಂತ ಆಸೆಯಾಗುತ್ತದೆ, ಈಗಲೇ ಬೇಡ. ಹಿಡಿದಿದ್ದರ ಬಗ್ಗೆ ಮೂರು ಪ್ರಶ್ನೆಗೆ ಉತ್ತರ ಬರೆದಿಡಿ. ನನ್ನ ಕೈಗೆ ಬರುವ ಮುಂಚೆ ಇದು ಯಾರ ಕೈಯಲ್ಲಿತ್ತು, ಏನು ಕೆಲಸ ಮಾಡುತ್ತಿತ್ತು? ನೀರು, ಬಿಸಿಲು, ಬೆಂಕಿ, ಭಾರ ಬಿದ್ದರೆ ಇದು ಏನಾಗುತ್ತದೆ? ಇದನ್ನು ದಿನಾ ಮುಟ್ಟುವವರಿಗೆ ಇದರ ವಾಸನೆ, ಒರಟುತನ ಏನನ್ನು ನೆನಪಿಸುತ್ತದೆ? ಮೂರಕ್ಕೂ ಉತ್ತರ ಇದ್ದರೆ ಆ ವಸ್ತು ಕೆಲಸಕ್ಕೆ ಬರುತ್ತದೆ. ಮೊದಲನೆಯದಕ್ಕೆ ಉತ್ತರವೇ ಇಲ್ಲದಿದ್ದರೆ ಬೇರೆ ಹುಡುಕಿ.

ಈ ದಾರಿಯಲ್ಲಿ ಬಹಳ ದೂರ ಹೋದವರು ನಮ್ಮ ಪಕ್ಕದ ಭದ್ರಾವತಿಯವರೇ. ಶೀಲಾ ಗೌಡ ಅಲ್ಲಿ 1957ರಲ್ಲಿ ಹುಟ್ಟಿದರು. ಚಿತ್ರ ಬರೆಯುತ್ತಿದ್ದವರು ತೊಂಬತ್ತರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ನೆಲ ಸಾರಿಸುವ, ಬೆರಣಿ ತಟ್ಟುವ, ಪೂಜೆಗೂ ಬಳಸುವ ಸಗಣಿ. ಮುಂದೆ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿಯಲ್ಲಿ ಸೂಜಿಗಳಿಗೆ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಕುಂಕುಮ ಮತ್ತು ಅಂಟಿನಿಂದ ಸೇರಿಸಿ ಉದ್ದನೆಯ ಕೆಂಪು ಹಗ್ಗ ಮಾಡಿದರು. ಹಗ್ಗ ಗೋಡೆ ಮೇಲೆ, ನೆಲದ ಮೇಲೆ ಹರಿದಾಡುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಅಲ್ಲಿ ಹೆಣ್ಣಿನ ಚಿತ್ರ ಇಲ್ಲ, ಗಾಯದ ಚಿತ್ರವೂ ಇಲ್ಲ. ಆದರೆ ಕುಂಕುಮ ಯಾರ ಹಣೆಯದು, ಸೂಜಿ ಯಾರ ಕೈಯದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ತಿಳಿವಳಿಕೆಯ ಮೇಲೇ ಆ ಕೃತಿ ನಿಂತಿದೆ.

ಇಲ್ಲೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಊರಿನ ವಸ್ತು ಅಂಟಿಸಿದ ಮಾತ್ರಕ್ಕೆ ಕೃತಿಗೆ ಊರು ಬರುವುದಿಲ್ಲ. ಕ್ಯಾನ್ವಾಸಿನ ಮೇಲೆ ಫೆವಿಕಾಲ್ ಹಚ್ಚಿ ಮಂಡಕ್ಕಿ ಉದುರಿಸಿ ‘ದಾವಣಗೆರೆ’ ಅಂತ ಹೆಸರಿಟ್ಟರೆ ಅದು ಅಲಂಕಾರ. ಮಂಡಕ್ಕಿ ಹುಟ್ಟುವುದೇ ಕಾದ ಮರಳಿನಲ್ಲಿ, ಒಂದೇ ಗಳಿಗೆಯಲ್ಲಿ ಅರಳಿ. ಆ ಬಿಸಿ, ಆ ಮರಳು, ಭಟ್ಟಿ ಮುಂದೆ ನಿಂತವರ ಬೆವರು, ಇದರಲ್ಲಿ ಯಾವುದಕ್ಕಾದರೂ ನಿಮ್ಮ ಕೃತಿಯಲ್ಲಿ ಜಾಗ ಸಿಕ್ಕಿದರೆ ಮಾತ್ರ ಮಂಡಕ್ಕಿ ಅಲ್ಲಿರಬೇಕು.

ಎರಡನೇ ಹೆಜ್ಜೆ: ವಸ್ತುವಿನ ಗುಣ ಅರಿಯುವುದು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ. ಚೊಗರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಪಾಠ ಹೇಳುವ ವಸ್ತು ನನಗೆ ಗೊತ್ತಿಲ್ಲ.

ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರಲ್ಲ, ಆ ನೀರಿಗೆ ಅಡಿಕೆಯ ಒಗರೆಲ್ಲ ಇಳಿಯುತ್ತದೆ. ಅದೇ ನೀರಿನಲ್ಲಿ ಒಂದರ ಹಿಂದೊಂದು ಅಡಿಕೆ ಬೇಯುತ್ತಾ ಹೋದಂತೆ ಅದು ಗಟ್ಟಿಯಾಗಿ, ಕೆಂಗಂದು ಬಣ್ಣದ ಚೊಗರಾಗುತ್ತದೆ. ಅಂದರೆ ಒಂದು ಬಾಟಲಿ ಚೊಗರಿನಲ್ಲಿ ಒಂದು ಸುಗ್ಗಿಯ ಕೆಲಸ ಕೂಡಿಟ್ಟಿರುತ್ತದೆ. ಅಡಿಕೆ ಬೇಯಿಸುವ ಮನೆಗಳಲ್ಲಿ ಕೇಳಿದರೆ ಕೊಡುತ್ತಾರೆ. ಸಿಗದಿದ್ದರೆ ಕಾಲು ಕೆಜಿ ಅಡಿಕೆ ಜಜ್ಜಿ ಎರಡು ಲೀಟರ್ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ. ಅಸಲಿ ಚೊಗರಿನಷ್ಟು ಗಾಢ ಬರುವುದಿಲ್ಲ, ಕಲಿಯೋಕೆ ಸಾಕು. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ. ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದರೆ ಶುರುವಿನಲ್ಲೇ ಕಪ್ಪಾಗಿಬಿಡುತ್ತದೆ. ಮತ್ತೆ, ಒಮ್ಮೆ ಇದಕ್ಕೆ ಬಳಸಿದ ಪಾತ್ರೆ ಅಡುಗೆಗೆ ಬೇಡ.

ಜೊತೆಗೆ ಮೂರು ಸಣ್ಣ ದ್ರಾವಣ ಮಾಡಿಕೊಳ್ಳಿ. ಒಂದು ಲೀಟರ್ ಬಿಸಿ ನೀರಿಗೆ ಒಂದು ಚಮಚ ಪಟಕದ ಪುಡಿ. ಒಂದು ಲೋಟ ನೀರಿಗೆ ಎಲೆಗೆ ಹಚ್ಚುವ ಸುಣ್ಣ ಒಂದು ಚಮಚ ಕದಡಿ, ಮೇಲೆ ನಿಂತ ತಿಳಿ. ಮೂರನೆಯದು ಕಬ್ಬಿಣದ ನೀರು. ತುಕ್ಕು ಹಿಡಿದ ಮೊಳೆಗಳನ್ನು ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ವಿನೆಗರ್ ಹೊಯ್ದು ಒಂದು ವಾರ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಬಾಯಿಗೆ ಬಟ್ಟೆ ಕಟ್ಟಿದರೆ ಸಾಕು. ವಿನೆಗರ್ ಬೇಡ ಅನ್ನುವವರು ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರು ನೆನೆಹಾಕಿ ಎರಡು ಮೂರು ವಾರ ಹುಳಿ ಬರಿಸಬಹುದು. ಆಂಧ್ರದ ಕಲಂಕಾರಿ ಕೆಲಸದವರು ಕಪ್ಪು ಬಣ್ಣ ತೆಗೆಯುವುದು ಹೀಗೆಯೇ.

ಈಗ ಕೋರಾ ಬಟ್ಟೆಯ ನಾಲ್ಕು ಪಟ್ಟಿ ಕತ್ತರಿಸಿ ಚೊಗರಿನಲ್ಲಿ ಅದ್ದಿ ಒಣಗಿಸಿ. ಒಂದನ್ನು ಹಾಗೇ ಬಿಡಿ. ಉಳಿದ ಮೂರಕ್ಕೆ ಒಂದೊಂದು ದ್ರಾವಣ ಹಚ್ಚಿ. ಪಟಕದ್ದು ತಿಳಿಯಾಗಿ, ಸ್ವಚ್ಛವಾಗಿ ಕಾಣುತ್ತದೆ. ಸುಣ್ಣದ್ದು ಕೆಂಪಿಗೆ ತಿರುಗುತ್ತದೆ. ಎಲೆ ಅಡಿಕೆ ಹಾಕಿದವರ ಬಾಯಿ ಕೆಂಪಾಗುವುದರಲ್ಲೂ ಇದೇ ಅಡಿಕೆಯ ಒಗರು, ಇದೇ ಸುಣ್ಣ ಇವೆ. ಕಬ್ಬಿಣದ್ದು ನಿಮ್ಮ ಕಣ್ಣೆದುರೇ ಕಪ್ಪಾಗುತ್ತದೆ. ಹೆಚ್ಚುಕಮ್ಮಿ ಬಣ್ಣವೇ ಇಲ್ಲದ ನೀರು ತಾಗಿದ ಕಡೆ ಕಂದು ಮಾಯವಾಗಿ ಮಸಿಗಪ್ಪು ಮೂಡುತ್ತದೆ. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಹೊಸ ಕಪ್ಪು ಪದಾರ್ಥ ಆಗುತ್ತದೆ, ಅದಕ್ಕೇ ಇದು. ಹಿಂದೆ ಕಾಗದಪತ್ರ ಬರೆಯುತ್ತಿದ್ದ ಕಪ್ಪು ಶಾಯಿಗಳ ಹಿಂದೆ ಇರುವುದೂ ಇದೇ ಗುಟ್ಟು.

ಇಷ್ಟು ಮಾಡಿದ ಮೇಲೆ ಅಡಿಕೆ ಸುಲಿಯುವ ಹೆಂಗಸರ ಕೈ ನೆನಪಿಸಿಕೊಳ್ಳಿ. ಮೆಟ್ಟುಗತ್ತಿ ಮುಂದೆ ಕೂತು ದಿನಗಟ್ಟಲೆ ಸುಲಿದವರ ಹೆಬ್ಬೆರಳು, ತೋರುಬೆರಳು ಕಪ್ಪಗಾಗಿರುತ್ತವೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಸುಗ್ಗಿ ಮುಗಿಯುವವರೆಗೆ ಹೋಗುವುದಿಲ್ಲ. ನಿಮ್ಮ ಪಟ್ಟಿಯ ಮೇಲಿನ ಕಲೆಯೂ ಅವರ ಬೆರಳಿನ ಕಲೆಯೂ ಒಂದೇ ಅಡಿಕೆಯದು. ವಸ್ತುವಿನಿಂದ ಅರ್ಥ ಹುಟ್ಟುವುದು ಅಂದರೆ ಇದೇ. ನೀವು ಏನನ್ನೂ ಸೂಚಿಸಬೇಕಾಗಿಲ್ಲ. ಆ ದುಡಿಮೆಯ ಗುರುತು ಬಟ್ಟೆ ಮೇಲೆ ನಿಜವಾಗಿ ಇದೆ.

ಮಣ್ಣು ಆರಿಸಿದವರ ಪರೀಕ್ಷೆ ಬೇರೆ. ಎರೆ ಮಣ್ಣನ್ನೂ ಕೆಮ್ಮಣ್ಣನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಚೆನ್ನಾಗಿ ಕದಡಿ, ಕಲ್ಲು ಮರಳು ತಳಕ್ಕೆ ಕೂತ ತಕ್ಷಣ ಮೇಲಿನ ಕೆಸರು ನೀರನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಅದು ರಾತ್ರಿಯೆಲ್ಲ ನಿಂತ ಮೇಲೆ ತಿಳಿ ನೀರು ಚೆಲ್ಲಿ. ತಳದಲ್ಲಿ ಉಳಿದ ನುಣ್ಣನೆಯ ಮಣ್ಣೇ ನಿಮ್ಮ ಬಣ್ಣ. ಎರಡನ್ನೂ ಹಲಗೆ ಮೇಲೆ ಬೆರಳು ದಪ್ಪ ಬಳಿದು ಬಿಸಿಲಿಗಿಡಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹಾಗಾಗಿ ಹಲಗೆ ತುಂಬ ಬಿರುಕು. ಕೆಮ್ಮಣ್ಣು ಅಷ್ಟು ಬಿರಿಯುವುದಿಲ್ಲ. ಅದರ ಕೆಂಪು ಕಬ್ಬಿಣದ ತುಕ್ಕಿನ ಕೆಂಪು, ಮಾಸದ ಬಣ್ಣ. ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿದ ಎರೆ ಮಣ್ಣಿನ ಬಿರುಕು ಅಗಲ, ಆಷಾಢದ ಮೋಡದಲ್ಲಿ ಒಣಗಿದ್ದು ಬೇರೆ ಥರ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಜಿಲ್ಲೆ ನಮ್ಮದು. ಬಿರುಕನ್ನು ಬ್ರಷ್ಷಿನಿಂದ ಬರೆಯುವ ಅಗತ್ಯವೇ ಇಲ್ಲ. ಮಣ್ಣು ತಾನೇ ಬಿರಿಯಲಿ.

ಮಣ್ಣು, ಮಸಿ ಎರಡಕ್ಕೂ ಅಂಟು ಬೇಕು. ಜಾಲಿ ಗೋಂದು ನೆನೆಸಿ ಬಳಸಬಹುದು. ನನಗೆ ಇಷ್ಟವಾದದ್ದು ಹುಣಸೆ ಬೀಜದ ಅಂಟು. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ರುಬ್ಬಿ, ನೀರು ಬೆರೆಸಿ ತೆಳು ದೋಸೆ ಹಿಟ್ಟಿನ ಹದಕ್ಕೆ ಕಾಯಿಸಿ. ಕಂಬಳಿ ನೇಯುವವರು ಹಾಸಿನ ನೂಲಿಗೆ ಬಿಗಿ ಕೊಡಲು ಹಚ್ಚುವುದು ಇದನ್ನೇ. ಬೇಗ ಬೂಸ್ಟು ಹಿಡಿಯುತ್ತದೆ, ಎರಡು ಹನಿ ಲವಂಗದ ಎಣ್ಣೆ ಹಾಕಿ. ಮಸಿ ಸುಲಭಕ್ಕೆ ನೀರಿನಲ್ಲಿ ಬೆರೆಯುವುದಿಲ್ಲ, ತೇಲುತ್ತದೆ. ಮೊದಲು ಒಂದೆರಡು ಹನಿ ಸೋಪಿನ ನೀರಿನಲ್ಲಿ ಅರೆದು ಆಮೇಲೆ ಅಂಟು ಸೇರಿಸಿ.

ಪ್ರತಿ ಪಟ್ಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ಏನು ಮಾಡಿದಿರಿ ಅಂತ ಬರೆದಿಡಿ. ಇನ್ನೊಂದಿಷ್ಟು ಪಟ್ಟಿಗಳನ್ನು ಅರ್ಧ ರಟ್ಟು ಮುಚ್ಚಿ ಕಿಟಕಿಯಲ್ಲಿ ತಿಂಗಳಿಟ್ಟರೆ ಬೆಳಕಿಗೆ ಯಾವುದು ಮಾಸುತ್ತದೆ, ಯಾವುದು ಗಾಢವಾಗುತ್ತದೆ ಎಂದು ತಿಳಿಯುತ್ತದೆ.

ಮೂರನೇ ಹೆಜ್ಜೆ: ಒಂದು ಕ್ರಿಯೆ ಆರಿಸಿ

ಅಮೆರಿಕದ ಶಿಲ್ಪಿ ರಿಚರ್ಡ್ ಸೆರ್ರಾ 1967-68ರಲ್ಲಿ ಕಾಗದದ ಮೇಲೆ ಕ್ರಿಯಾಪದಗಳ ಪಟ್ಟಿಯೊಂದನ್ನು ಬರೆದರು. ಸುತ್ತುವುದು, ಮಡಿಸುವುದು, ಹರಿಯುವುದು, ತೂಗಿಬಿಡುವುದು, ಹೀಗೆ. ಏನನ್ನು ಮಾಡಲಿ ಅನ್ನುವುದನ್ನು ಬಿಟ್ಟು ವಸ್ತುವಿಗೆ ಏನು ಮಾಡಲಿ ಎಂದು ಯೋಚಿಸುವ ದಾರಿ ಅದು. ನೀವೂ ನಿಮ್ಮ ಪಟ್ಟಿ ಮಾಡಿ, ನಮ್ಮ ಮನೆ ಹೊಲಗಳ ಕ್ರಿಯೆಗಳಿಂದಲೇ. ಸಾರಿಸು, ತಟ್ಟು, ಕೇರು, ತೂರು, ಸುಲಿ, ಹಿಂಡು, ತೇಪೆ ಹಾಕು, ಕುಟ್ಟು, ಅರೆ, ಉಜ್ಜು, ಒಣಹಾಕು. ಇವುಗಳಲ್ಲಿ ಎಷ್ಟೋ ನಿಮ್ಮ ಅಜ್ಜಿಯ ಕೈಗೆ ಸಲೀಸು.

ಪಟ್ಟಿಯಲ್ಲಿ ನಿಮ್ಮ ವಸ್ತುವಿಗೆ ಹೊಂದುವ ಒಂದನ್ನು ಆರಿಸಿ. ಹೊಂದುವುದು ಅಂದರೆ ಎರಡು ಥರ. ವಸ್ತುವಿನ ಬದುಕಿನಲ್ಲಿ ಮೊದಲೇ ಇದ್ದ ಕ್ರಿಯೆ ಒಂದು: ಗೋಣಿಗೆ ಹೊಲಿಗೆ, ಸಗಣಿಗೆ ತಟ್ಟುವುದು. ವಸ್ತು ಎಂದೂ ಕಾಣದ ಕ್ರಿಯೆ ಇನ್ನೊಂದು. ಅದರಿಂದ ಬೇಕೆಂದೇ ಒಂದು ಘರ್ಷಣೆ ಹುಟ್ಟುತ್ತದೆ. ಹೊಸಬರು ಮೊದಲನೆಯದರಿಂದ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ.

ಕ್ರಿಯೆ ಬದಲಾದರೆ ಅರ್ಥ ಹೇಗೆ ಬದಲಾಗುತ್ತದೆ ಅಂತ ದೊಡ್ಡವರ ಕೆಲಸದಲ್ಲಿ ಚೆನ್ನಾಗಿ ಕಾಣುತ್ತದೆ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1947ರಿಂದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ನಡೆದಾಡುತ್ತಾ ಬಣ್ಣ ಸುರಿದರು. ಅಲ್ಲಿ ಉಳಿದಿರುವುದು ಇಡೀ ಮೈಯ ಓಡಾಟ. ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲಿ ‘ಮೌಂಟನ್ಸ್ ಅಂಡ್ ಸೀ’ ಮಾಡಿದಾಗ ಅವರೂ ನೆಲಕ್ಕೇ ಹಾಸಿದ್ದರು, ಆದರೆ ಬಣ್ಣ ನೀರಾಗಿತ್ತು, ಬಟ್ಟೆಗೆ ಲೇಪ ಹಚ್ಚಿರಲಿಲ್ಲ. ಬಣ್ಣ ಮೇಲೆ ಕೂರದೆ ನೂಲಿನೊಳಗೆ ಇಳಿಯಿತು. ಒಂದು ಕಡೆ ರಭಸ, ಇನ್ನೊಂದು ಕಡೆ ಹೀರಿಕೆ.

ನಮ್ಮ ದೇಶದಲ್ಲಿ ವಿ. ಎಸ್. ಗಾಯ್ತೊಂಡೆ ರೋಲರ್ ಮತ್ತು ಚಪ್ಪಟೆ ಚಾಕು ಹಿಡಿದು ಪದರದ ಮೇಲೆ ಪದರ ಹಚ್ಚುತ್ತಿದ್ದರು, ಕೆರೆದು ತೆಗೆಯುತ್ತಿದ್ದರು. ವರ್ಷಕ್ಕೆ ಕೆಲವೇ ಚಿತ್ರ ಮುಗಿಯುತ್ತಿದ್ದವು. ಆ ನಿಧಾನ ಚಿತ್ರದೊಳಗೆ ಉಳಿದು, ನೋಡುವವರೂ ತಾವಾಗಿ ನಿಧಾನವಾಗುತ್ತಾರೆ. ಗುಜರಾತಿನ ಜೇರಾಮ್ ಪಟೇಲ್ ಅರವತ್ತರ ದಶಕದಲ್ಲಿ ಮರದ ಹಲಗೆಗೆ ಬ್ಲೋಟಾರ್ಚ್ ಹಿಡಿದರು. ಅಲ್ಲಿ ಗೆರೆಯ ಜಾಗದಲ್ಲಿ ಸುಟ್ಟ ಹಳ್ಳ. ಬಂಗಾಳದ ಸೋಮನಾಥ್ ಹೋರ್ 1943ರ ಬರಗಾಲವನ್ನು ಕಣ್ಣಾರೆ ಕಂಡು ಚಿತ್ರಿಸಿದವರು. ಎಪ್ಪತ್ತರ ದಶಕದ ‘ಗಾಯ’ ಸರಣಿಗೆ ಬಂದಾಗ ಮನುಷ್ಯರನ್ನೇ ಬಿಟ್ಟರು. ಅಚ್ಚಿನ ಮೇಲೆ ಕೊಯ್ದು, ಇರಿದು, ಅದರ ಮೇಲೆ ಕಾಗದದ ತಿರುಳು ಒತ್ತಿ ಎತ್ತಿದರು. ಬಿಳಿ ಹಾಳೆ, ಬಿಳಿ ಗಾಯ. ಹಾಳೆ ಚರ್ಮದ ಹಾಗೆ ಬಿರಿದು ಉಬ್ಬಿದೆ. ಅದರ ಮುಂದೆ ಇನ್ನೊಂದು ವಿವರಣೆ ಬೇಕಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಯಾವುದರ ಮೇಲೆ?

ಬಟ್ಟೆ, ಹಲಗೆ, ಗೋಣಿ, ಕಾಗದ, ಇವೂ ವಸ್ತುವೇ. ಅಂಗಡಿಯ ಬಿಳಿ ಕ್ಯಾನ್ವಾಸಿಗೆ ಲೇಪ ಹಚ್ಚಿರುತ್ತಾರೆ, ಚೊಗರು ಅದರೊಳಗೆ ಇಳಿಯುವುದಿಲ್ಲ, ಮೇಲೇ ಒಣಗುತ್ತದೆ. ಕೋರಾ ಬಟ್ಟೆಗೆ ಗಂಜಿಯೂ ಹತ್ತಿಯ ಸಹಜ ಮೇಣವೂ ಇರುವುದರಿಂದ ಹಾಗೇ ಬಳಸಿದರೆ ನೀರು ಹನಿಗಟ್ಟಿ ನಿಲ್ಲುತ್ತದೆ. ವಾಷಿಂಗ್ ಸೋಡಾ ಮತ್ತು ಸೋಪು ಹಾಕಿ ಅರ್ಧ ಗಂಟೆ ಕುದಿಸಿ ಜಾಲಾಡಿದರೆ ಚೆನ್ನಾಗಿ ಹೀರುತ್ತದೆ. ಕಲೆ ಒಳಗಿಳಿಯಬೇಕೋ, ಮೇಲೆ ನಿಲ್ಲಬೇಕೋ ನೀವೇ ತೀರ್ಮಾನಿಸಿ.

ಗೋಣಿಚೀಲದ ವಿಷಯ ಬೇರೆ. ಅದು ಖಾಲಿ ಮೈಯಲ್ಲ. ಹಮಾಲರ ಕೊಕ್ಕೆ ಚುಚ್ಚಿದ ತೂತು, ಮಾಸಿದ ಮುದ್ರೆಯ ಅಕ್ಷರ, ಯಾರೋ ದಬ್ಬಣ ಹಿಡಿದು ಹಾಕಿದ ತೇಪೆ ಮೊದಲೇ ಅದರ ಮೇಲಿರುತ್ತವೆ. ಈಗ ಪ್ಲಾಸ್ಟಿಕ್ ಚೀಲಗಳೇ ಜಾಸ್ತಿ, ಆದರೂ ಹಳೇ ಗೋಣಿ ವ್ಯಾಪಾರ ಮಾಡುವವರು ಇನ್ನೂ ಇದ್ದಾರೆ. ಇಟಲಿಯ ಆಲ್ಬರ್ಟೊ ಬುರ್ರಿ ಗೋಣಿಯನ್ನೇ ಹಿಡಿದು ಹೆಸರಾದವರು. ಅವರು ಸೈನ್ಯದ ವೈದ್ಯ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಅಮೆರಿಕದ ಟೆಕ್ಸಸ್‌ನಲ್ಲಿದ್ದ ಶಿಬಿರದಲ್ಲಿ ಚಿತ್ರ ಶುರು ಮಾಡಿದರು. ಮುಂದೆ ಹರಕು ಗೋಣಿಗಳನ್ನು ಹೊಲಿದು ಕೃತಿ ಮಾಡಿದಾಗ ನೋಡಿದವರಿಗೆ ಗಾಯಕ್ಕೆ ಹಾಕಿದ ಹೊಲಿಗೆ ಕಂಡಿತು. ಬುರ್ರಿ ಮಾತ್ರ ತಮ್ಮ ಕೆಲಸಕ್ಕೆ ಮಾತಿನ ವಿವರಣೆ ಕೊಡಲು ಒಪ್ಪುತ್ತಿರಲಿಲ್ಲ. ಗೋಣಿ ಆರಿಸಿದರೆ ಅದರ ಗುರುತುಗಳ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಅವು ನಿಮಗಿಂತ ಮುಂಚೆ ಅಲ್ಲಿಗೆ ಬಂದವು.

ಇನ್ನು ಕಲ್ಲು. ಚಿತ್ರದುರ್ಗದ ಬಂಡೆಗಳ ಮೇಲೆ ತೆಳು ಕಾಗದ ಹಾಸಿ ಇದ್ದಿಲಿನಿಂದ ಉಜ್ಜಿದರೆ ಬಂಡೆಯ ಮೈ ಕಾಗದಕ್ಕೆ ಬರುತ್ತದೆ. ಆದರೆ ಏಳು ಸುತ್ತಿನ ಕೋಟೆಯೊಳಗೆ, ಚಂದ್ರವಳ್ಳಿಯ ಗುಹೆಗಳಲ್ಲಿ ಇದನ್ನು ಖಂಡಿತ ಮಾಡಬಾರದು. ಕೋಟೆ ಸಂರಕ್ಷಿತ ಸ್ಮಾರಕ, ಮುಟ್ಟಿ ಮಸಿ ಮಾಡುವ ಹಕ್ಕು ಯಾರಿಗೂ ಇಲ್ಲ. ಊರ ಹೊರಗೆ, ಹೊಲದ ಬದುವಿನಲ್ಲಿ ಅಂಥದೇ ಬಂಡೆ ಬೇಕಾದಷ್ಟಿವೆ.

ಐದನೇ ಹೆಜ್ಜೆ: ಕೆಲಸಕ್ಕೆ ಕೂರುವುದು

ಚೊಗರಿನ ಒಂದು ಕೃತಿಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಇದನ್ನೇ ಮಾಡಬೇಕು ಅಂತಿಲ್ಲ, ಯೋಚನೆ ಹೇಗೆ ಸಾಗುತ್ತದೆ ಎಂದು ತಿಳಿಯಲಿ ಅಂತ.

ಎರಡು ಅಡಿ ಅಗಲ ಮೂರು ಅಡಿ ಉದ್ದದ ಕೋರಾ ಬಟ್ಟೆ, ಕುದಿಸಿ ಒಣಗಿಸಿದ್ದು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಬಟ್ಟೆ. ಲೋಟದಿಂದ ಚೊಗರನ್ನು ಒಂದು ಮೂಲೆಯಿಂದ ಸುರಿಯಿರಿ. ಹಂಡೆಯಿಂದ ಅಡಿಕೆ ಎತ್ತುವಾಗ ಚೊಗರು ಸೋರುವುದು ಹೀಗೆಯೇ, ಹಾಗಾಗಿ ಬ್ರಷ್ ಬೇಡ. ಅದು ತಾನಾಗಿ ಹರಿದು ಎಲ್ಲಿ ನಿಲ್ಲುತ್ತದೋ ನಿಲ್ಲಲಿ. ನೆಲ ಸಮ ಇಲ್ಲದಿದ್ದರೆ ತಗ್ಗಿನ ಕಡೆ ಕೊಳ ಕಟ್ಟುತ್ತದೆ. ಕೊಳ ಒಣಗುವಾಗ ನೀರು ಬಣ್ಣವನ್ನು ಅಂಚಿಗೆ ತಳ್ಳುತ್ತದೆ, ಸುತ್ತ ಗಾಢವಾದ ಗೆರೆ ಉಳಿಯುತ್ತದೆ. ಕೆರೆ ಬತ್ತುವಾಗ ದಡದಲ್ಲಿ ಗೆರೆ ಮೂಡುವುದನ್ನು ನೋಡಿದವರಿಗೆ ಇದರ ಪರಿಚಯ ಇರುತ್ತದೆ. ಪೂರ್ತಿ ಒಣಗಲು ಬಿಡಿ. ಬೇಕಿದ್ದರೆ ಮರುದಿನ ಇನ್ನೊಂದು ಸುರಿವು. ಎರಡು ಪದರ ಬಿದ್ದ ಕಡೆ ಬಣ್ಣ ಗಟ್ಟಿಯಾಗುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಕಣ್ಣಿಗೆ ತಿಳಿಯುತ್ತದೆ.

ಈಗ ಕಬ್ಬಿಣದ ನೀರು. ಹೆಬ್ಬೆರಳು ಮತ್ತು ತೋರುಬೆರಳಿಗೆ ಬಟ್ಟೆ ಚೂರು ಸುತ್ತಿ, ಅದ್ದಿ, ಬಟ್ಟೆಯ ಮೇಲೆ ಒತ್ತಿ. ಸಾಲಾಗಿ ಒತ್ತುತ್ತಾ ಹೋಗಿ. ಒಂದು ಒತ್ತಿಗೆ ಒಂದು ಅಡಿಕೆ ಸುಲಿದಷ್ಟೇ ಹೊತ್ತು. ಸುಲಿಯುವವರಿಗೆ ಕೂಲಿ ಸಿಗುವುದು ಸುಲಿದಷ್ಟಕ್ಕೆ, ಹಾಗಾಗಿ ಅವರ ಕೈ ನಿಲ್ಲುವುದಿಲ್ಲ. ನಿಮ್ಮ ಕೈಯೂ ನಿಲ್ಲಬಾರದು. ಸ್ವಲ್ಪ ಹೊತ್ತಿಗೆ ಬೆರಳು ನೋಯುತ್ತದೆ, ಸಾಲು ಸೊಟ್ಟ ಆಗುತ್ತದೆ, ಒತ್ತು ಹಗುರವಾಗುತ್ತದೆ. ಅದನ್ನು ಸರಿಪಡಿಸಬೇಡಿ. ದಣಿವು ಬಟ್ಟೆ ಮೇಲೆ ಕಾಣಬೇಕು. ನಡುವೆ ಎದ್ದು ನೀರು ಕುಡಿದು ಬಂದರೆ ಹೊಸ ಒತ್ತುಗಳು ಮತ್ತೆ ಗಟ್ಟಿಯಾಗಿ ಬೀಳುತ್ತವೆ. ಆ ವ್ಯತ್ಯಾಸ ನೋಡುವವರಿಗೆ ಗೊತ್ತಾಗುತ್ತದೆ.

ಬೆಂಕಿ ಬಳಸುವವರಿಗೆ ಒಂದೆರಡು ಎಚ್ಚರಿಕೆ. ಬಯಲಿನಲ್ಲಿ ಮಾಡಿ, ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ, ಗಾಳಿ ಬೀಸುವ ಹೊತ್ತು ಬೇಡ. ದುರ್ಗದ ಕಡೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಪ್ಲಾಸ್ಟಿಕ್ ಚೀಲ, ಟೈರು ಸುಡಲೇಬೇಡಿ. ಹೊಗೆ ವಿಷ.

ಆರನೇ ಹೆಜ್ಜೆ: ಎಲ್ಲಿ ನಿಲ್ಲಿಸಬೇಕು?

ಸಾಲು ತುಂಬಿತು ಅಂತ ನಿಲ್ಲಿಸಬೇಡಿ, ಚೆಂದ ಕಾಣುತ್ತಿದೆ ಅಂತಲೂ ನಿಲ್ಲಿಸಬೇಡಿ. ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಅದಲುಬದಲು ಪರೀಕ್ಷೆ. ಇದೇ ಬಣ್ಣದ ಅಕ್ರಿಲಿಕ್ಕಿನಲ್ಲಿ ಇದನ್ನೇ ಮಾಡಿದ್ದರೆ ಏನಾದರೂ ಕಳೆದುಹೋಗುತ್ತಿತ್ತಾ? ಇಲ್ಲ ಅನ್ನಿಸಿದರೆ ನಿಮ್ಮ ವಸ್ತು ಇನ್ನೂ ಬರೀ ಬಣ್ಣವಾಗಿ ಉಳಿದಿದೆ. ಎರಡನೇ ಹೆಜ್ಜೆಗೆ ವಾಪಸ್ ಹೋಗಿ. ಎರಡನೆಯದು ಜಾಡಿನ ಪರೀಕ್ಷೆ. ಕೃತಿಯನ್ನು ಮೊದಲ ಸಲ ನೋಡುವವರು ಇದಕ್ಕೆ ಏನೇನು ಆಯಿತು ಅನ್ನುವುದನ್ನು ಒಂದಿಷ್ಟಾದರೂ ಊಹಿಸಬಲ್ಲರಾ? ಸುರಿದದ್ದು, ಒಣಗಿದ್ದು, ಒತ್ತಿದ್ದು ಕಾಣಬೇಕು. ಮೇಲೆ ವಾರ್ನಿಷ್ ಬಳಿದು ಎಲ್ಲವನ್ನೂ ಒಂದೇ ಹೊಳಪಿಗೆ ತಂದರೆ ಈ ಜಾಡು ಅಳಿಸಿಹೋಗುತ್ತದೆ. ವಾರ್ನಿಷ್ ಹಚ್ಚಿದರೆ ಮುಗಿದ ಹಾಗೆ ಕಾಣುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ.

ಏಳನೇ ಹೆಜ್ಜೆ: ಹೆಸರು ಮತ್ತು ಚೀಟಿ

ಕೃತಿಯ ಪಕ್ಕ ಅಂಟಿಸುವ ಚೀಟಿಯಲ್ಲಿ ‘ಮಿಶ್ರ ಮಾಧ್ಯಮ’ ಅಂತ ಬರೆಯುವುದು ಬಿಡಿ. ‘ಅಡಿಕೆ ಚೊಗರು, ಕಬ್ಬಿಣದ ನೀರು, ಕೋರಾ ಬಟ್ಟೆ’ ಅಂತ ಬರೆಯಿರಿ. ಅಮೂರ್ತ ಕೃತಿಗೆ ಈ ಸಾಲೇ ಬಾಗಿಲು. ಮಣ್ಣು ಬಳಸಿದ್ದರೆ ಯಾವ ಊರ ಮಣ್ಣು ಅಂತಲೂ ಸೇರಿಸಬಹುದು, ಅದು ನಿಜವಾಗಿದ್ದರೆ ಮಾತ್ರ. ಹೆಸರಿಡುವಾಗ ‘ಯಾತನೆ’, ‘ಬದುಕಿನ ಪಯಣ’ ಥರದ ದೊಡ್ಡ ಮಾತು ಬೇಡ. ಅವು ನೋಡುವವರ ಕೆಲಸವನ್ನು ಕಿತ್ತುಕೊಳ್ಳುತ್ತವೆ. ‘ಸುಗ್ಗಿ’ ಅಂದರೆ ಸಾಕು. ಹೆಸರೇ ಬೇಡ ಅಂದರೂ ಸರಿ.

ತೋರಿಸುವುದು

ಮೊದಲು ಕಲೆಯ ಗೆಳೆಯರಿಗೆ ತೋರಿಸಬೇಡಿ. ಆ ವಸ್ತುವಿನ ಜೊತೆ ಬದುಕಿದವರಿಗೆ ತೋರಿಸಿ. ಚನ್ನಗಿರಿ ಕಡೆ ಒಂದು ಮನೆಯ ಜಗಲಿಯಲ್ಲಿ ಇಂಥದೇ ಬಟ್ಟೆ ಬಿಚ್ಚಿದಾಗ ಸುಲಿಯುತ್ತಿದ್ದ ಹಿರಿಯ ಹೆಂಗಸೊಬ್ಬರು ಕತ್ತಿ ಪಕ್ಕಕ್ಕೆ ಸರಿಸಿ ಹತ್ತಿರ ಬಂದರು.

‘ಇದು ಚೊಗರಲ್ವೇನಪ್ಪಾ?’

‘ಹೌದಮ್ಮ.’

‘ಬಟ್ಟೆಗೆ ಬಿದ್ರೆ ಹೋಗಲ್ಲ ಇದು. ನೋಡಿ ನೋಡಿ ಒತ್ತಿದೀಯ.’ ಸ್ವಲ್ಪ ಹೊತ್ತು ಸಾಲುಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಕೆಳಗಿನ ಸಾಲಿನ ಹತ್ತಿರ ಬೆರಳಿಟ್ಟು, ‘ಇಲ್ಲಿ ಸಾಕಾಗೈತೆ ಕೈಗೆ’ ಅಂದರು.

ಅಮೂರ್ತ ಕಲೆ ಅಂದರೇನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಬರಲಿಲ್ಲ. ತೋರಿಸುವಾಗ ‘ಏನು ಅರ್ಥ ಆಯ್ತು?’ ಅಂತ ಕೇಳಬೇಡಿ, ಜನ ಗಾಬರಿಯಾಗುತ್ತಾರೆ. ‘ಇದು ಯಾವುದರಿಂದ ಆಗಿದೆ, ಹೇಗೆ ಮಾಡಿರಬಹುದು?’ ಅಂತ ಕೇಳಿ. ಮಾತು ತಾನಾಗಿ ಹರಿಯುತ್ತದೆ.

ಬೇರೆಯವರ ಕೃತಿ ನೋಡಲು ಹೋದಾಗಲೂ ಇದೇ ಎರಡು ಪ್ರಶ್ನೆ ಹಿಡಿದುಕೊಂಡು ಹೋಗಿ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಬಿಡುವು ಮಾಡಿಕೊಳ್ಳಿ. ದೂರದಿಂದ ನೋಡಿ, ಆಮೇಲೆ ಒಂದು ಅಡಿಗೆ ಹತ್ತಿರ ಹೋಗಿ, ಪಕ್ಕದಿಂದ ಬೆಳಕು ಬೀಳುವ ಕಡೆ ನಿಂತು ಮೈ ನೋಡಿ. ಅಂಚು ನೋಡಿ. ಪದರಗಳ ಹಿಂದುಮುಂದು ಅಲ್ಲಿ ಗೊತ್ತಾಗುತ್ತದೆ. ಚೀಟಿ ಓದುವುದು ಕೊನೆಗೆ.

ಉಳಿಸಿಕೊಳ್ಳುವುದು

ಚೊಗರು, ಕಬ್ಬಿಣದ ಕೃತಿಯನ್ನು ಮಡಿಸಬೇಡಿ. ದಪ್ಪ ಕೊಳವೆಗೆ ಸುತ್ತಿಡಿ, ನಡುವೆ ತೆಳು ಕಾಗದ ಇರಲಿ. ಕಬ್ಬಿಣದ ನೀರು ವರ್ಷಗಳು ಕಳೆದಂತೆ ಬಟ್ಟೆಯನ್ನೂ ಕಾಗದವನ್ನೂ ತಿನ್ನುತ್ತದೆ. ಹಳೆಯ ಶಾಯಿ ಬರಹಗಳಲ್ಲಿ ಅಕ್ಷರ ಇದ್ದ ಕಡೆಯೇ ಹಾಳೆ ತೂತಾಗುವುದು ಇದರಿಂದಲೇ. ಕೆಲಸ ಮುಗಿದು ಚೆನ್ನಾಗಿ ಒಣಗಿದ ಮೇಲೆ ಒಮ್ಮೆ ತಣ್ಣೀರಿನಲ್ಲಿ ಜಾಲಾಡಿದರೆ ಹೆಚ್ಚಿನ ಕಬ್ಬಿಣ, ಹುಳಿ ಹೋಗಿ ಸ್ವಲ್ಪ ಜಾಸ್ತಿ ಬಾಳುತ್ತದೆ. ಗೋಣಿ ಬಿಸಿಲಿಗೆ ಹಳದಿಯಾಗಿ ಪುಡಿಪುಡಿ ಆಗುತ್ತದೆ, ಕಿಟಕಿ ಎದುರು ತೂಗುಹಾಕಬೇಡಿ. ಎರೆ ಮಣ್ಣಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಬೇಡಿ, ಮಲಗಿಸಿಯೇ ಸಾಗಿಸಿ.

ಇಷ್ಟೆಲ್ಲ ಮಾಡಿದರೂ ಕೆಲವು ವಸ್ತು ಉಳಿಯುವುದಿಲ್ಲ. ಅಮೆರಿಕದ ಕಲಾವಿದೆ ಇವಾ ಹೆಸ್ಸೆ ಅರವತ್ತರ ದಶಕದ ಕೊನೆಯಲ್ಲಿ ಲೇಟೆಕ್ಸ್‌ನಿಂದ, ಅಂದರೆ ರಬ್ಬರಿನ ಹಾಲಿನಿಂದ ಮಾಡಿದ ಕೃತಿಗಳು ಈಗ ಕಂದಾಗಿ, ಬಿರುಸಾಗಿ, ಕೆಲವು ಪ್ರದರ್ಶನಕ್ಕೆ ಇಡಲಾಗದ ಸ್ಥಿತಿಗೆ ಬಂದಿವೆ. ನಿಮ್ಮದೂ ಹಾಗಾಗುವ ಸಾಧ್ಯತೆ ಇದ್ದರೆ ಈಗಲೇ ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದಿಡಿ, ಬಳಸಿದ ವಸ್ತು, ಅಳತೆ, ತಿಂಗಳು ಬರೆದಿಡಿ. ಯಾರಾದರೂ ಕೊಳ್ಳಲು ಬಂದರೆ ಇದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಹಣ ತೆಗೆದುಕೊಳ್ಳುವ ಮುಂಚೆಯೇ ಹೇಳಿ.

ಅಸಲಿ ಚೊಗರು ಸಿಗುವುದು ಅಡಿಕೆ ಕೊಯ್ಲು ನಡೆಯುವ ತಿಂಗಳುಗಳಲ್ಲಿ, ಮಳೆ ಹಿಂದಾಗುವ ಹೊತ್ತಿನಿಂದ ಚಳಿಗಾಲದವರೆಗೆ. ಅಷ್ಟರಲ್ಲಿ ಮೊಳೆಗಳನ್ನು ವಿನೆಗರಿಗೆ ಹಾಕಿಟ್ಟಿರಿ. ಬೇಸಿಗೆಯಲ್ಲಿ ಓದುತ್ತಿರುವವರು ಎರೆ ಮಣ್ಣಿನಿಂದ ಶುರು ಮಾಡಿ, ಬಿಸಿಲು ಬೇಕಾದಷ್ಟಿದೆ.